ಸುಶ್ರುತನ ಕ್ಷಾರಪಾಕವೂ ಪ್ರಕ್ಷೇಪಕ್ರಿಯೆಯೂ

ನೀರಿನಲ್ಲಿ ಕರಗಿರುವ ಎರಡು ಪದಾರ್ಥಗಳು ಸಂಧಿಸಿದೊಡನೆ, ಕರಗದ ಮೂರನೆಯದೊಂದು ಹುಟ್ಟಿ ತಳಕ್ಕಿಳಿಯುವುದನ್ನು ರಸಾಯನಶಾಸ್ತ್ರಜ್ಞರು ಪ್ರಕ್ಷೇಪಕ್ರಿಯೆಯೆನ್ನುವರು. ಮಾಗಡಿ ಸೀಮೆಯ ಸೋಲೂರಿನಲ್ಲಾಗಲಿ ಮತ್ತಾವ ಊರಿನಲ್ಲಾಗಲಿ, ತಾಂಬೂಲದ ಸುಣ್ಣವನ್ನು ನೀರಿನಲ್ಲಿ ಕಲಕಿ, ಅದರ ತಿಳಿಯನ್ನು ಬಗ್ಗಿಸಿಕೊಂಡು ಕೊಳವೆಯಿಂದ ಉಸಿರನ್ನೂದಿದರೆ, ಅದು ಹಾಲಿನಂತೆ ಬೆಳ್ಳಗಾಗುವುದು. ಇದೇ ಈ ಕ್ರಿಯೆಯ ಸುಲಭವಾದ ನಿದರ್ಶನ. ಸುಣ್ಣದ ಇದೇ ಗುಣವನ್ನು ಭಾರತೀಯ ವೈದ್ಯರು ಬಹು ಪೂರ್ವದಲ್ಲಿಯೇ ಬುದ್ಧಿಪೂರ್ವಕವಾಗಿ ಬಳಸಿಕೊಂಡಿದ್ದರೆಂಬುದಕ್ಕೆ ಸುಶ್ರುತಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯವಾದ ಕ್ಷಾರಪಾಕವಿಧಿಯು ಪ್ರಮಾಣವಾಗಿದೆ.

ಅಲ್ಲಿ ಹೇಳಿರುವ ಕ್ರಮವು ಸಂಗ್ರಹವಾಗಿ ಹೀಗಿದೆ: ವಿಹಿತವಾದ ಮರವನ್ನು ಸುಣ್ಣಕಲ್ಲುಗಳೊಡನೆ ಸುಟ್ಟು, ಬೂದಿಯನ್ನೂ ಬೆಂದ ಕಲ್ಲುಗಳನ್ನೂ ಬೇರೆಬೇರೆಯಾಗಿ ತೆಗೆದಿರಿಸಬೇಕು. ಬೂದಿಯನ್ನು ಆರರಷ್ಟು ನೀರಿನಲ್ಲಿ ಕದಡಿ 21 ಸಲ ಸೋಸಿ ಕುದಿಸಬೇಕು. ಬಳಿಕ ಆ ಕಲ್ಲುಗಳನ್ನೂ ಶಂಖ, ಚಿಪ್ಪು ಮೊದಲಾದುವನ್ನೂ ಕೆಂಡದಂತೆ ಕಾಯಿಸಿ, ಅದೇ ಕ್ಷಾರೋದಕದಲ್ಲಿ ನಂದಿಸಿ, ಅರೆದು, ಪಾಕಕ್ಕೆ ಸೇರಿಸಬೇಕು. ಸಿದ್ಧವಾದುದನ್ನು ಕಬ್ಬಿಣದ ಕುಂಭದಲ್ಲಿ ಬಾಯಿ ಮುಚ್ಚಿ ಇರಿಸಬೇಕು. ಸುಣ್ಣವನ್ನು ಸೇರಿಸದ ಪಾಕವು ಮೃದು, ಸೇರಿಸಿದುದು ಮಧ್ಯಮ.

ಈ ವಿಧಿಯ ಅರ್ಥವು ಆಧುನಿಕ ಶಾಸ್ತ್ರದಿಂದ ವಿಶದವಾಗುತ್ತದೆ. ಮರದ ಬೂದಿಯ ನೀರಿನಲ್ಲಿ ಮುಖ್ಯವಾಗಿರುವುದು ಪೊಟ್ಯಾಸಿಯಂ ಕಾರ್ಬೊನೇಟು. ಸುಣ್ಣದ ನೀರಿನಲ್ಲಿರುವುದು ಕ್ಯಾಲ್ಸಿಯಂ ಹೈಡ್ರಾಕ್ಸೈಡು. ಇವು ಕರಗಿದಾಗ ವಿದ್ಯುದಂಶಯುಕ್ತವಾದ ಅಯಾನುಗಳಾಗಿ ಬೇರ್ಪಡುವುವು. ಅವುಗಳಲ್ಲಿ ನಿಜವಾಗಿ ಕೂಡುವುವು ಎರಡೇ:

ಕ್ಯಾಲ್ಸಿಯಂ ಅಯಾನು + ಕಾರ್ಬೊನೇಟ್ ಅಯಾನು → ಕ್ಯಾಲ್ಸಿಯಂ ಕಾರ್ಬೊನೇಟು (ಪ್ರಕ್ಷೇಪ)

ಒಂದು ಲೀಟರು ನೀರಿನಲ್ಲಿ ಸುಣ್ಣವು ಸುಮಾರು 1.7 ಗ್ರಾಂ ಕರಗಿದರೆ, ಈ ಪ್ರಕ್ಷೇಪವು ಒಂದು ಗ್ರಾಮಿನ ನೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚಾಗಿ ಮಾತ್ರ ಕರಗುವುದು. ಆದುದರಿಂದಲೇ ಅದು ತಳಕ್ಕಿಳಿಯುತ್ತದೆ. ಪೊಟ್ಯಾಸಿಯಂ ಮತ್ತು ಹೈಡ್ರಾಕ್ಸಿಲ್ ಅಯಾನುಗಳು ಮಾರ್ಪಡದೆ ನೀರಿನಲ್ಲಿಯೇ ಉಳಿಯುವುವು. ಮಾಂಸವನ್ನು ಸುಡುವ ದಾಹಕಕ್ಷಾರವು ಇದೇ. ಗಾಳಿ ತಗುಲಿದರೆ ಇದು ಅಂಗಾರಾಮ್ಲವಾಯುವನ್ನು ಹೀರಿ ಮರಳಿ ಮೃದುವಾಗುವುದು. ಕುಂಭದ ಬಾಯಿ ಮುಚ್ಚಬೇಕೆಂಬ ವಿಧಿಯ ಪ್ರಯೋಜನವು ಇದರಿಂದ ಸ್ಪಷ್ಟ.

ಈ ಕ್ರಮದ ನಿಖರತೆಯೇ ಸಂದೇಹಕ್ಕೆ ಕಾರಣವಾಯಿತು. ಪ್ರಫುಲ್ಲಚಂದ್ರ ರಾಯರು ತಮ್ಮ ಹಿಂದೂ ರಸಾಯನಶಾಸ್ತ್ರದ ಇತಿಹಾಸದ ಮೊದಲನೆಯ ಸಂಪುಟವನ್ನು 1902ರಲ್ಲಿ ಪ್ರಕಟಿಸಿದ ಮೇಲೆ, ಫ್ರಾನ್ಸಿನ ಬರ್ತೆಲೋ ಎಂಬ ವಿದ್ವಾಂಸನು ಈ ಭಾಗವು ಯೂರೋಪಿನ ಸಂಪರ್ಕದಿಂದ ಈಚೆಗೆ ಸೇರಿದ ಪ್ರಕ್ಷಿಪ್ತವಾಗಿರಬಹುದೆಂದು ಶಂಕಿಸಿದನು. ಆದರೆ ಇದೇ ವಿಧಿಯು ವಾಗ್ಭಟನಲ್ಲಿಯೂ 11ನೆಯ ಶತಮಾನದ ಚಕ್ರಪಾಣಿದತ್ತನಲ್ಲಿಯೂ ಇರುವುದರಿಂದ ಆ ಶಂಕೆಯು ನಿಲ್ಲದು. ಯೂರೋಪಿನಲ್ಲಿ ಮೃದುಕ್ಷಾರ ಮತ್ತು ದಾಹಕಕ್ಷಾರಗಳ ಭೇದದ ಕಾರಣವನ್ನು ಜೋಸೆಫ್ ಬ್ಲ್ಯಾಕನು ಪ್ರಕಟಿಸಿದುದು 1756ರಲ್ಲಿ.

ವೈದ್ಯರಷ್ಟೇ ಅಲ್ಲ, ಕಸುಬುದಾರರೂ ಈ ಸಂಯೋಗವನ್ನು ಬಲ್ಲವರಾಗಿದ್ದರು. ದಕ್ಷಿಣದೇಶದ ನೀಲಿಗಾರರು ನೀಲಿಯ ತೊಟ್ಟಿಗೆ ಚೌಳುಮಣ್ಣಿನ ನೀರು, ಸುಣ್ಣ, ತಗಚೆಯ ಬೀಜ ಇವುಗಳನ್ನು ಸೇರಿಸುತ್ತಿದ್ದರು. ಬೀಜದ ಹುಳಿತದಿಂದ ಮಾರ್ಪಟ್ಟ ನೀಲಿಯು ಕ್ಷಾರದಲ್ಲಿ ಕರಗಿ ನೂಲಿಗೆ ಹಿಡಿಯುತ್ತಿದ್ದಿತು. ಚೌಳಿನಲ್ಲಿರುವುದು ಸೋಡಿಯಂ ಕಾರ್ಬೊನೇಟು. ಸುಣ್ಣದೊಡನೆ ಅದರ ವ್ಯಾಪಾರವು ಸುಶ್ರುತನ ಪಾಕದಲ್ಲಿ ನಡೆಯುವುದೇ.

ಇಷ್ಟರಿಂದ ಪ್ರಾಚೀನರು ಅಯಾನುಗಳನ್ನು ತಿಳಿದಿದ್ದರೆಂದು ಸಾಧಿಸಲಾಗದು. ಆ ವಾದವನ್ನು ಸ್ವೀಡನ್ನಿನ ಅರೇನಿಯಸನು ರೂಪಿಸಿದುದು 1887ರಲ್ಲಿ. ಸುಶ್ರುತನು ಸುಣ್ಣವನ್ನು ಸೇರಿಸಿದ ಬಳಿಕ ಪ್ರಕ್ಷೇಪವನ್ನು ಸೋಸಿ ತೆಗೆಯಲು ಹೇಳಿಲ್ಲ. ಅದು ಪಾಕದಲ್ಲಿಯೇ ಬೆರೆತಿರುತ್ತದೆ. ಕ್ಷಾರಶಬ್ದವನ್ನು ಅವನು ಕ್ಷರಣ, ಕ್ಷಣನ ಎಂಬ ಕ್ರಿಯೆಗಳಿಂದ ನಿರ್ವಚಿಸಿದನೇ ಹೊರತು ಘಟಕಗಳಿಂದಲ್ಲ. ಆದರೆ ಯಾವುದನ್ನು ಸೇರಿಸಿದರೆ ಕ್ಷಾರವು ಬಲವಾಗುವುದು, ಹೇಗೆ ಇರಿಸಿದರೆ ಬಲಗೆಡದು ಎಂಬುದನ್ನು ಅವನು ತಪ್ಪಿಲ್ಲದೆ ಅರಿತಿದ್ದನು. ಕಾರ್ಯದ ಜ್ಞಾನವನ್ನು ಕಾರಣದ ಜ್ಞಾನವೆಂದು ಹೊಗಳುವುದೂ, ಕಾರಣವನ್ನು ಹೇಳಿಲ್ಲವೆಂದು ಕಾರ್ಯಜ್ಞಾನವನ್ನೇ ಅಲ್ಲಗಳೆಯುವುದೂ ಚರಿತ್ರಕಾರನಿಗೆ ಸಮಾನವಾಗಿ ವರ್ಜ್ಯ.