ಸುನಾಮಿ ತೆರವು ನಕ್ಷೆ ಮತ್ತು ಸಮುದಾಯ ತರಬೇತಿ

ಸುನಾಮಿ ಅಪ್ಪಳಿಸಿದರೆ ನೀರು ಎಲ್ಲಿಯವರೆಗೆ ನುಗ್ಗೀತು, ಯಾವ ದಾರಿ ಹಿಡಿದರೆ ಎತ್ತರದ ನೆಲ ಸಿಕ್ಕೀತು, ಅಲ್ಲಿಗೆ ತಲುಪಲು ಎಷ್ಟು ಹೊತ್ತು ಬೇಕು ಎಂಬುದನ್ನು ಕಡಲತೀರದ ಜನರೇ ನಕ್ಷೆಯಲ್ಲಿ ಗುರುತಿಸಿ, ನಡೆದು ನೋಡಿ ರೂಢಿಸಿಕೊಳ್ಳುವ ಪದ್ಧತಿ.

ಮುನ್ಸೂಚನೆಯೊಂದಿದ್ದರೆ ಸಾಲದು ಎಂಬ ಅರಿವು ಬಂದದ್ದು ಹವಾಯಿ ದ್ವೀಪಗಳಲ್ಲಿ. 1946ರ ಸುನಾಮಿ ಅಲ್ಲಿ 159 ಜನರನ್ನು ಬಲಿ ಪಡೆದ ಮೇಲೆ, 1949ರಲ್ಲಿ ಎಚ್ಚರಿಕೆ ಕೇಂದ್ರ ತಲೆಯೆತ್ತಿತು. 1960ರಲ್ಲಿ ಚಿಲಿಯ ಭೂಕಂಪದ ಅಲೆ ಬರುವ ಗಂಟೆಗಳ ಮೊದಲೇ ಹಿಲೋ ಪಟ್ಟಣದಲ್ಲಿ ಸೈರನ್ ಕೂಗಿತು. ಆದರೂ 61 ಜನ ಸತ್ತರು. ಆ ಸದ್ದು ಕೇಳಿದಾಗ ಏನು ಮಾಡಬೇಕೆಂಬುದೇ ಹಲವರಿಗೆ ಸ್ಪಷ್ಟವಿರಲಿಲ್ಲ.

ಜಪಾನಿನ ಸನ್ರಿಕು ತೀರದ ಅನುಭವ ಇನ್ನೂ ಹಳೆಯದು. 1896ರ ಒಂದೇ ಸುನಾಮಿಯಲ್ಲಿ ಅಲ್ಲಿ ಸುಮಾರು 22,000 ಜನ ಮಡಿದಿದ್ದರು. ಆ ತೀರದ ಕಮೈಶಿ ನಗರದ ಶಾಲೆಗಳಲ್ಲಿ ಪ್ರಾಧ್ಯಾಪಕ ತೊಶಿತಕ ಕತಾಡ ಅವರು 2011ರ ಸುನಾಮಿಗೆ ಹಲವು ವರ್ಷ ಮುಂಚೆಯೇ ತರಬೇತಿ ಆರಂಭಿಸಿದ್ದರು. ನಕ್ಷೆ ಓದಲು ಕಲಿಸಿದ ಅವರೇ, ನಕ್ಷೆಯನ್ನು ಪೂರ್ತಿ ನಂಬಬೇಡಿ ಎಂದೂ ಮಕ್ಕಳಿಗೆ ಹೇಳುತ್ತಿದ್ದರು. ಸುನಾಮಿ ಅಪ್ಪಳಿಸಿದ 2011ರ ಮಾರ್ಚ್ 11ರಂದು ಕಮೈಶಿಯ ಉನೊಸುಮಾಯಿ ಭಾಗದ ಅಕ್ಕಪಕ್ಕದ ಎರಡು ಶಾಲೆಗಳು ನಕ್ಷೆಯ ಅಧಿಕೃತ ಮುಳುಗಡೆ ಗೆರೆಯ ಹೊರಗೇ ಇದ್ದವು. ಆದರೂ ದೊಡ್ಡ ಮಕ್ಕಳು ಕಾಲುಕಿತ್ತರು, ಚಿಕ್ಕವರು ಅವರನ್ನು ಹಿಂಬಾಲಿಸಿದರು. ನಿಗದಿಯಾಗಿದ್ದ ಜಾಗವೂ ಸುರಕ್ಷಿತವಲ್ಲವೆನಿಸಿ ಇನ್ನೂ ಮೇಲಕ್ಕೆ ಓಡಿದರು, ಬದುಕಿದರು. ಅದೇ ಊರಿನ ವಿಪತ್ತು ನಿರ್ವಹಣಾ ಕೇಂದ್ರದೊಳಗೆ ಆಶ್ರಯ ಪಡೆದ ನೂರಕ್ಕೂ ಹೆಚ್ಚು ಜನ ನೀರಿಗೆ ಸಿಕ್ಕಿದರು. ಆ ಕಟ್ಟಡ ಸುನಾಮಿಯ ನಿಯೋಜಿತ ಆಶ್ರಯತಾಣವಾಗಿರಲಿಲ್ಲ. ಅನುಕೂಲಕ್ಕೆಂದು ಹಿಂದಿನ ಕವಾಯತುಗಳನ್ನು ಅಲ್ಲೇ ಮುಗಿಸಿದ್ದರು. ತಪ್ಪು ಜಾಗಕ್ಕೆ ನಡೆಸಿದ ಕವಾಯತು ಕವಾಯತೇ ಇಲ್ಲದಿರುವುದಕ್ಕಿಂತ ಅಪಾಯಕಾರಿ ಎನ್ನಲು ಇದಕ್ಕಿಂತ ಕಠೋರ ಸಾಕ್ಷಿ ಬೇಕಿಲ್ಲ.

ನಕ್ಷೆಯೇ ಇಲ್ಲದೆ ಉಳಿದವರೂ ಇದ್ದಾರೆ. ಇಂಡೋನೇಷ್ಯಾದ ಸಿಮೆಲು ದ್ವೀಪದವರು 1907ರ ಸುನಾಮಿಯನ್ನು ‘ಸ್ಮೋಂಗ್’ ಎಂದು ಕರೆದು, ನೆಲ ನಡುಗಿದರೆ ಗುಡ್ಡಕ್ಕೆ ಓಡಬೇಕೆಂಬ ಮಾತನ್ನು ಹಾಡು, ಕತೆಗಳಲ್ಲಿ ಕಾಪಿಟ್ಟಿದ್ದರು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಸುಮಾರು 78,000 ಜನರಿದ್ದ ಆ ದ್ವೀಪದಲ್ಲಿ ಸತ್ತವರು ಏಳೇ ಮಂದಿ. ಹಿಂದೂ ಮಹಾಸಾಗರದ ಉಳಿದ ತೀರಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಜೀವ ತೆತ್ತರು.

ಸಂಘಟಿತ ಕಾರ್ಯಕ್ರಮಗಳ ಪೈಕಿ ಅಮೆರಿಕದ ‘ಸುನಾಮಿ ರೆಡಿ’ 2001ರದು. ಯುನೆಸ್ಕೋದ ಅಂತರ್‌ಸರ್ಕಾರಿ ಸಾಗರವಿಜ್ಞಾನ ಆಯೋಗ ಅದೇ ಮಾದರಿಯನ್ನು ಇತರ ದೇಶಗಳಿಗೆ ಒಯ್ದು, ಹನ್ನೆರಡು ಮಾನದಂಡಗಳನ್ನು ಇಟ್ಟಿತು. ಹೊಂಡುರಾಸ್‌ನ ಸೆಡೆನ್ಯೊದಲ್ಲಿ ನಡೆದ ಪ್ರಯೋಗದ ಅನುಭವವೂ ಸೇರಿ 2020ರಲ್ಲಿ ತೆರವು ನಕ್ಷೆ ತಯಾರಿಸುವ ಕೈಪಿಡಿಯೊಂದು ಹೊರಬಂತು. ಕೆಲಸದ ಕ್ರಮ ಹೀಗೆ: ಕಡಲತಳದ ಆಳ, ನೆಲದ ಎತ್ತರ ಮತ್ತು ಊಹಿಸಬಹುದಾದ ಅತಿ ದೊಡ್ಡ ಭೂಕಂಪವನ್ನು ಆಧರಿಸಿ ತಜ್ಞರು ಮುಳುಗಡೆ ಗೆರೆ ಎಳೆಯುತ್ತಾರೆ; ಮುಂದಿನದು ಊರವರ ಪಾಲು. ಮಳೆಗಾಲದಲ್ಲಿ ಕೆಸರಾಗುವ ಓಣಿ, ಬೀಗ ಹಾಕಿದ ಗೇಟು, ನಡೆಯಲಾರದ ಮುದುಕರಿರುವ ಮನೆ ಇವು ಕಂಪ್ಯೂಟರ್ ಮಾದರಿಗೆ ಕಾಣುವುದಿಲ್ಲ.

ಭಾರತದಲ್ಲಿ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಎಚ್ಚರಿಕೆ ಕೇಂದ್ರ 2007ರಿಂದ ಕಾರ್ಯನಿರತವಾಗಿದೆ. ಒಡಿಶಾದ ವೆಂಕಟರಾಯ್‌ಪುರ ಮತ್ತು ನೋಲಿಯಾಸಾಹಿ ಗ್ರಾಮಗಳು 2020ರಲ್ಲಿ ಯುನೆಸ್ಕೋದ ‘ಸುನಾಮಿ ರೆಡಿ’ ಮಾನ್ಯತೆ ಪಡೆದು, ಹಿಂದೂ ಮಹಾಸಾಗರ ವಲಯದಲ್ಲೇ ಮೊದಲಿನವು ಎನಿಸಿದವು. ಕರ್ನಾಟಕ ಸೇರಿದಂತೆ ಪಶ್ಚಿಮ ಕರಾವಳಿಗೆ ಅಪಾಯದ ಮೂಲ ಮುಖ್ಯವಾಗಿ ಪಾಕಿಸ್ತಾನ, ಇರಾನಿನ ಮಕ್ರಾನ್ ತೀರ; 1945ರಲ್ಲಿ ಅಲ್ಲಿ ಹುಟ್ಟಿದ ಸುನಾಮಿ ಮುಂಬಯಿಯವರೆಗೂ ತಲುಪಿತ್ತು. ಹಿಂದೂ ಮಹಾಸಾಗರದ ದೇಶಗಳು ಸೇರಿ ನಡೆಸುವ ‘ಐಒವೇವ್’ ಕವಾಯತುಗಳಲ್ಲಿ ಸುಮಾತ್ರದ ಜೊತೆಗೆ ಮಕ್ರಾನ್ ಭೂಕಂಪವನ್ನೂ ಕಲ್ಪಿಸಿಕೊಳ್ಳಲಾಗುತ್ತದೆ.