ಪ್ರಶಸ್ತಿಗಿಂತ ಮೊದಲು ಗುದ್ದಲಿ



ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ನಾವು ಮಹಾರಾಷ್ಟ್ರದ ಅಹಮದ್‌ನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಜಾರ್ ಗ್ರಾಮವನ್ನು ನೆನೆಯುವುದು ಒಳ್ಳೆಯದು. 1972ರ ಬರದ ನಂತರ ಆ ಊರಿನ ಜನ ಕೂಲಿ ಹುಡುಕಿ ಗುಳೆ ಹೋಗ್ತಿದ್ರು. 1989ರಲ್ಲಿ ಪೋಪಟರಾವ್ ಪವಾರ್ ಸರಪಂಚರಾದರು. ಊರವರು ಶ್ರಮದಾನ ಮಾಡಿ ಗುಡ್ಡದ ಇಳಿಜಾರಿಗೆ ಅಡ್ಡಲಾಗಿ ಕಂದಕ ತೋಡಿದರು, ಗಿಡ ನೆಟ್ಟರು. ಅಷ್ಟಕ್ಕೇ ಬಿಡಲಿಲ್ಲ. ಗುಡ್ಡದಲ್ಲಿ ದನ ಮೇಯಿಸಬಾರದು, ಮರ ಕಡಿಯಬಾರದು, ಬೇಸಾಯಕ್ಕೆ ಬೋರ್‌ವೆಲ್ ಕೊರೆಸಬಾರದು ಅಂತ ತಾವೇ ಕಟ್ಟು ಹಾಕಿಕೊಂಡರು. ಬಾವಿಗಳಲ್ಲಿ ನೀರು ನಿಂತಿತು, ಗುಳೆ ಹೋದವರು ವಾಪಸ್ ಬಂದರು. ಗ್ರಾಮಕ್ಕೆ 2007ರ ರಾಷ್ಟ್ರೀಯ ಜಲ ಪ್ರಶಸ್ತಿ, ಪವಾರರಿಗೆ 2020ರ ಪದ್ಮಶ್ರೀ ದೊರೆಯಿತು.

ಒಂದು ದಿನ ಗುದ್ದಲಿ ಹಿಡಿಯೋದು ಸುಲಭ, ಹಾಕಿಕೊಂಡ ಕಟ್ಟು ಉಳಿಸಿಕೊಳ್ಳೋದೇ ಕಷ್ಟ. ನಮ್ಮ ಸಂಘದ ಮಾತೂ ಅದೇ. ಷೇರು ಹಾಕಿದರಷ್ಟೇ ಆಗಲಿಲ್ಲ, ಪಡೆದ ಸಾಲವನ್ನು ಗಡುವಿನೊಳಗೆ ಕಟ್ಟಿದರೇನೇ ಸಂಘ ಉಳಿಯೋದು.