ರೋಗಿ ಗ್ರಾಹಕನಾದ ಬಗೆ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ನೌಕರನಿಗೆ ಕಾಯಿಲೆಯಾದರೆ ಆತ ಹೋಗುತ್ತಿದ್ದುದು ಕಾರ್ಖಾನೆಯ ಆಸ್ಪತ್ರೆಗೆ. ಸುತ್ತಲ ಹಳ್ಳಿಯ ಕೂಲಿಕಾರನಿಗೆ ರೋಗ ಉಲ್ಬಣಿಸಿದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೇ ಗತಿ. ಕೈಯಲ್ಲಿ ನಾಲ್ಕು ಕಾಸು ಇದ್ದವರು ಖಾಸಗಿ ನರ್ಸಿಂಗ್ ಹೋಂನ ಮೆಟ್ಟಿಲು ಹತ್ತುತ್ತಿದ್ದರು. ಸುಮಾರು ಇಪ್ಪತ್ತು ಕಿಲೋಮೀಟರ್ ಅಂತರದ ಈ ಎರಡು ಊರುಗಳಲ್ಲಿ ರೋಗಿಗೆ ಹೀಗೆ ಮೂರು ಬಾಗಿಲು. ಆದರೆ ಚಿಕಿತ್ಸೆಯಲ್ಲಿ ಎಡವಟ್ಟಾದರೆ ಕೇಳುವ ಹಕ್ಕು ಮೂರೂ ಕಡೆ ಒಂದೇ ಅಲ್ಲ. ಅದು ಯಾರು ಹಣ ಕೊಟ್ಟರು ಎಂಬುದರ ಮೇಲೆ ನಿಂತಿದೆ.

ಸಂಸ್ಥಾನದ ಕಾಲದಲ್ಲಿ ಕಾನೂನಿನ ಗಮನವೆಲ್ಲ ವೈದ್ಯರ ಅರ್ಹತೆಯ ಮೇಲಿತ್ತು. 1931ರ ಮೈಸೂರು ವೈದ್ಯಕೀಯ ನೋಂದಣಿ ಕಾಯ್ದೆಯಾಗಲಿ, ಏಕೀಕರಣದ ನಂತರ ಬಂದ 1961ರ ಕಾಯ್ದೆಯಾಗಲಿ ಮುಖ್ಯವಾಗಿ ಹೇಳಿದ್ದು ಯಾರನ್ನು ವೈದ್ಯರೆಂದು ನೋಂದಾಯಿಸಬೇಕು ಎಂಬುದನ್ನು. ತಪ್ಪಿತಸ್ಥ ವೈದ್ಯರ ಹೆಸರನ್ನು ವೈದ್ಯಕೀಯ ಪರಿಷತ್ತು ಪಟ್ಟಿಯಿಂದ ತೆಗೆದುಹಾಕಬಹುದಿತ್ತು. ನೊಂದ ರೋಗಿಗೆ ಪರಿಹಾರ ಕೊಡಿಸುವಂತಿರಲಿಲ್ಲ. ಅದಕ್ಕೆ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕಿತ್ತು.

ಆ ದಾರಿ ಎಷ್ಟು ಉದ್ದವೆಂಬುದಕ್ಕೆ ನೆರೆಯ ಮಹಾರಾಷ್ಟ್ರದ ಒಂದು ಪ್ರಕರಣ ಸಾಕ್ಷಿ. 1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯಾದ ಬಾಣಂತಿಯೊಬ್ಬರ ಹೊಟ್ಟೆಯಲ್ಲಿ ಬಟ್ಟೆಯೊಂದು ಉಳಿದುಹೋಯಿತು. ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡರು. ಇದಕ್ಕೆ ರಾಜ್ಯ ಸರ್ಕಾರವೇ ಹೊಣೆ ಎಂದು ಸುಪ್ರೀಂ ಕೋರ್ಟ್ ಅಂತಿಮವಾಗಿ ಹೇಳಿದ್ದು 1996ರಲ್ಲಿ. ನಡುವೆ ಮೂವತ್ತಮೂರು ವರ್ಷಗಳು ಕಳೆದಿದ್ದವು.

ಅಂಗಡಿಯಲ್ಲಿ ಮೋಸ ಹೋದವನಿಗೆ ಸುಲಭದಲ್ಲಿ ನ್ಯಾಯ ಸಿಗಲೆಂದು 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ಜಿಲ್ಲೆಗೊಂದು ವೇದಿಕೆ, ಸರಳ ವಿಚಾರಣೆ ಅದರ ಹೆಚ್ಚುಗಾರಿಕೆ. ರೋಗಿಗಳೂ ಅಲ್ಲಿಗೆ ಹೋಗತೊಡಗಿದಾಗ ವೈದ್ಯರು ಆಕ್ಷೇಪ ಎತ್ತಿದರು. ವೈದ್ಯವೃತ್ತಿ ವ್ಯಾಪಾರವಲ್ಲ, ರೋಗಿ ಗಿರಾಕಿಯಲ್ಲ ಎಂಬುದು ಅವರ ವಾದ. ಭಾರತೀಯ ವೈದ್ಯಕೀಯ ಸಂಘ ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು.

ಮೂರು ಬಾಗಿಲು, ಮೂರು ಉತ್ತರ

1995ರ ನವೆಂಬರ್ 13ರಂದು ಮೂವರು ನ್ಯಾಯಮೂರ್ತಿಗಳ ಪೀಠ ನೀಡಿದ ತೀರ್ಪನ್ನು ಈ ಎರಡು ಊರುಗಳ ಕಣ್ಣಿನಿಂದ ನೋಡಿದರೆ ಅದರ ಮರ್ಮ ಚೆನ್ನಾಗಿ ತಿಳಿಯುತ್ತದೆ.

ಹಣ ಕೊಟ್ಟು ನರ್ಸಿಂಗ್ ಹೋಂ ಸೇರಿದವರು ಗ್ರಾಹಕರು, ಅದರಲ್ಲಿ ಅನುಮಾನವಿಲ್ಲ. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆ, ಸರ್ಕಾರದ್ದಾಗಲಿ ಖಾಸಗಿಯದಾಗಲಿ, ಕಾಯ್ದೆಯ ಹೊರಗೆ. ಚೀಟಿ ಮಾಡಿಸಲು ನಾಮಮಾತ್ರ ಶುಲ್ಕ ಪಡೆದರೂ ಅಷ್ಟೇ. ಆದರೆ ಕೆಲವರಿಂದ ಹಣ ಪಡೆದು ಬಡವರಿಗೆ ಉಚಿತವಾಗಿ ನೋಡುವ ಕಡೆ ಆ ಬಡವರೂ ಗ್ರಾಹಕರೇ. ಉಳ್ಳವರು ಕೊಟ್ಟ ಹಣದಲ್ಲೇ ಇಲ್ಲದವರ ಚಿಕಿತ್ಸೆ ನಡೆಯುತ್ತದೆ ಎಂಬುದು ಇದರ ಹಿಂದಿನ ತರ್ಕ.

ಇನ್ನು ಭದ್ರಾವತಿಯ ಪ್ರಶ್ನೆ. ಅಲ್ಲಿ 1923ರಲ್ಲಿ ಕಬ್ಬಿಣದ ಉತ್ಪಾದನೆ ಶುರುವಾಯಿತು, ಕಾರ್ಖಾನೆಯ ಸುತ್ತ ಊರೇ ಬೆಳೆಯಿತು. ಅಂಥ ಕಡೆ ನೌಕರ ವೈದ್ಯರ ಕೈಗೆ ಹಣ ಕೊಡುವುದಿಲ್ಲ. ಹಾಗಾದರೆ ಅದು ಬಿಟ್ಟಿ ಸೇವೆಯೇ? ಅಲ್ಲ ಎಂದಿತು ನ್ಯಾಯಾಲಯ. ಉದ್ಯೋಗದ ಕರಾರಿನ ಭಾಗವಾಗಿ ಮಾಲೀಕ ಚಿಕಿತ್ಸೆಯ ವೆಚ್ಚ ಭರಿಸಿದರೆ ಅದು ಉಚಿತವಲ್ಲ; ನೌಕರನೂ ಆತನ ಅವಲಂಬಿತರೂ ಗ್ರಾಹಕರೇ. ವೇತನದಿಂದ ಇ.ಎಸ್.ಐ. ವಂತಿಗೆ ಕಡಿತವಾಗುವ ಕಾರ್ಮಿಕನಿಗೂ ಇದೇ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಸ್ಪಷ್ಟಪಡಿಸಿತು.

ರಾಜ್ಯದ ಕಾಯ್ದೆ

ಖಾಸಗಿ ಆಸ್ಪತ್ರೆಗಳ ಮೇಲೆ ರಾಜ್ಯದ ಕಣ್ಣು ಬಿದ್ದದ್ದು 1976ರ ನರ್ಸಿಂಗ್ ಹೋಂ ನಿಯಂತ್ರಣ ಕಾಯ್ದೆಯಿಂದ. ಅದರ ಜಾಗಕ್ಕೆ 2007ರಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಬಂತು. ನೋಂದಣಿ ಕಡ್ಡಾಯವಾಯಿತು, ದರಪಟ್ಟಿ ಗೋಡೆಗೆ ಬರಬೇಕಾಯಿತು.

2017ರಲ್ಲಿ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಿದ್ದುಪಡಿ ತಂದಾಗ ನವೆಂಬರಿನಲ್ಲಿ ರಾಜ್ಯದಾದ್ಯಂತ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಸರ್ಕಾರಿ ಆಸ್ಪತ್ರೆಗಳನ್ನು ಬಿಟ್ಟು ತಮ್ಮನ್ನಷ್ಟೇ ಏಕೆ ಕಟ್ಟಿಹಾಕಬೇಕು ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಯಲ್ಲಿ ಹುರುಳಿಲ್ಲದಿರಲಿಲ್ಲ. ಕಠಿಣ ಅಂಶಗಳನ್ನು ಸಡಿಲಿಸಿದ ನಂತರ ಮಸೂದೆಗೆ ಒಪ್ಪಿಗೆ ದೊರೆಯಿತು. ಬಾಕಿ ಹಣಕ್ಕಾಗಿ ಮೃತದೇಹವನ್ನು ತಡೆಹಿಡಿಯುವಂತಿಲ್ಲ ಎಂಬ ನಿಯಮ, ದೂರು ಆಲಿಸಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಅದರಲ್ಲಿ ಉಳಿದ ಮುಖ್ಯ ಅಂಶಗಳು. ವೈದ್ಯರಿಗೂ ಕಾನೂನಿನ ಆಸರೆ ಇಲ್ಲದಿಲ್ಲ. ಆಸ್ಪತ್ರೆಗಳ ಮೇಲಿನ ದಾಳಿ ತಡೆಯಲು ರಾಜ್ಯ 2009ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಿದೆ. ಚಿಕಿತ್ಸೆ ಫಲಿಸಲಿಲ್ಲ ಎಂಬ ಮಾತ್ರಕ್ಕೆ ವೈದ್ಯರನ್ನು ಕ್ರಿಮಿನಲ್ ಮೊಕದ್ದಮೆಗೆ ಎಳೆಯುವಂತಿಲ್ಲ, ಘೋರ ನಿರ್ಲಕ್ಷ್ಯ ಕಾಣಬೇಕು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ.

1986ರ ಕಾಯ್ದೆಯ ಬದಲಿಗೆ ಬಂದ 2019ರ ಕಾಯ್ದೆ 2020ರ ಜುಲೈಯಲ್ಲಿ ಜಾರಿಯಾಯಿತು. ಜಿಲ್ಲಾ ವೇದಿಕೆ ಈಗ ಜಿಲ್ಲಾ ಆಯೋಗ. ತೊಂದರೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು ಎಂಬ ನಿಯಮ ಮುಂದುವರಿದಿದೆ. ರಸೀದಿ, ಔಷಧ ಚೀಟಿ, ಡಿಸ್ಚಾರ್ಜ್ ಪತ್ರಗಳನ್ನು ಜೋಪಾನ ಮಾಡಿದವರ ದೂರಿಗೆ ಬಲ ಹೆಚ್ಚು.

ಈ ನಡುವೆ ಭದ್ರಾವತಿ ಬದಲಾಗಿದೆ. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಉಕ್ಕಿನ ಕಾರ್ಖಾನೆಯ ಕಾಯಂ ನೌಕರರ ಸಂಖ್ಯೆ ಹಿಂದಿನದರ ನೆರಳಷ್ಟೇ. ಕೆಲಸ ಹೋದ ಮನೆಗಳಿಗೆ ಸಂಬಳದ ಜೊತೆಗೆ ಬರುತ್ತಿದ್ದ ಚಿಕಿತ್ಸೆಯೂ ಹೋಯಿತು. ಉಳಿದದ್ದು ಎರಡು ಬಾಗಿಲು: ಒಂದು ಕಡೆ ಹಕ್ಕಿದೆ, ಅದಕ್ಕೆ ಮೊದಲು ಬಿಲ್ಲು ಕಟ್ಟಬೇಕು, ಇನ್ನೊಂದು ಕಡೆ ಬಿಲ್ಲಿನ ಭಯವಿಲ್ಲ, ಆದರೆ ತಪ್ಪಾದರೆ ಹೆಚ್ಚಿನವರಿಗೆ ಉಳಿಯುವುದು ಅದೇ ಹಳೆಯ ಉದ್ದದ ದಾರಿ. ಕಾಸಿಲ್ಲದ ರೋಗಿಗೂ ಹತ್ತಿರದ ನ್ಯಾಯ ದೊರೆಯುವ ತನಕ ರೋಗಿ ಗ್ರಾಹಕನಾದ ಈ ಕಥೆ ಪೂರ್ತಿಯಾಯಿತೆನ್ನಲು ಬಾರದು.